'ಕರ್ತನು ನನಗೆ ಹೇಳಿದನು' ಅನ್ನುವವರನ್ನು ಸಭೆ ಹೇಗೆ ಪರೀಕ್ಷಿಸಬೇಕು?

ಕೋಲಾರದ ವಿಶ್ವಾಸಿ:

ಕ್ರಿಸ್ತನಲ್ಲಿ ಎಲ್ಲರಿಗೂ ವಂದನೆಗಳು.

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದು ವಾಗ್ದಾನ ವಚನದ ಕಾರ್ಡು ಕೈಗೆ ಬರುವುದು ನಮಗೆಲ್ಲ ಹಳೆಯ ಅಭ್ಯಾಸ. ಈಗ ಅದರ ಜೊತೆಗೆ 'ಈ ವರ್ಷದ ಪ್ರವಾದನೆ' ಅಂತ ವಿಡಿಯೋಗಳು ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುತ್ತವೆ. ಯಾವ ಪಕ್ಷ ಗೆಲ್ಲುತ್ತದೆ, ಯಾವ ದೇಶದಲ್ಲಿ ಭೂಮಿ ನಡುಗುತ್ತದೆ, ಮಾರ್ಚ್ ಒಳಗೆ ಯಾರ ಸಾಲ ತೀರುತ್ತದೆ, ಎಲ್ಲವೂ ಅದರಲ್ಲಿ ಇರುತ್ತದೆ. ಹೇಳುವವರು ಇದು ತಮ್ಮ ಅನಿಸಿಕೆ ಎನ್ನುವುದಿಲ್ಲ, 'ಕರ್ತನು ನನಗೆ ಹೇಳಿದನು' ಎನ್ನುತ್ತಾರೆ. ಡಿಸೆಂಬರ್ ಬಂದಾಗ ಆ ವಿಡಿಯೋವನ್ನು ತೆಗೆದು, ಇದರಲ್ಲಿ ಯಾವುದು ನಡೆಯಿತು ಯಾವುದು ನಡೆಯಲಿಲ್ಲ ಅಂತ ನೋಡುವವರು ಯಾರೂ ಇಲ್ಲ. ಅಷ್ಟರಲ್ಲಿ ಮುಂದಿನ ವರ್ಷದ ವಿಡಿಯೋ ಬಂದಿರುತ್ತದೆ.

ನಮ್ಮ ಪಕ್ಕದ ಹೋಬಳಿಯ ಒಂದು ರೈತ ಕುಟುಂಬದ ವಿಷಯ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಬೋರ್ ಕೊರೆಸುವುದೆಂದರೆ ಏನೆಂದು ನಿಮಗೆ ಗೊತ್ತು. ಸಾವಿರ ಅಡಿ ದಾಟಿದರೂ ದೂಳೇ ಬರುತ್ತದೆ. ಉಪವಾಸ ಕೂಟಕ್ಕೆ ಹೊರಗಿನಿಂದ ಬಂದ ಬೋಧಕರೊಬ್ಬರು ಅವರ ಹೊಲದಲ್ಲಿ ನಿಂತು, ಇಲ್ಲಿ ನೀರಿದೆ ಎಂದು ಆತ್ಮನು ತೋರಿಸುತ್ತಿದ್ದಾನೆ ಅಂತ ಜಾಗ ಗುರುತು ಮಾಡಿದರು. ಮನೆಯವರು ಒಡವೆ ಅಡವಿಟ್ಟು ಬೋರ್ ಲಾರಿ ಕರೆಸಿದರು. ನೀರು ಬೀಳಲಿಲ್ಲ. ಫೋನ್ ಮಾಡಿದಾಗ ಸಿಕ್ಕ ಉತ್ತರ: ನಿಮ್ಮ ಮನೆಯಲ್ಲಿ ಯಾರಿಗೋ ಅವಿಶ್ವಾಸವಿದೆ.

ಆ ಮನೆಯ ತಾಯಿ ಇಂದಿಗೂ ತನ್ನ ಅವಿಶ್ವಾಸದಿಂದಲೇ ನೀರು ಬರಲಿಲ್ಲ ಅಂತ ಅಳುತ್ತಾರೆ. ಸಾಲಕ್ಕಿಂತ ಇದು ನನ್ನನ್ನು ಹೆಚ್ಚು ನೋಯಿಸಿದೆ. ದೇವರ ಹೆಸರಿನಲ್ಲಿ ಒಂದು ಮಾತು ಹೇಳಿ, ಅದು ಸುಳ್ಳಾದಾಗ ಅದರ ಭಾರವನ್ನು ಕೇಳಿದವಳ ತಲೆಗೆ ಹೊರಿಸುವುದು ದೊಡ್ಡ ಪಾಪ ಅಂತ ನಾನು ನಂಬಿದ್ದೇನೆ. ನಮಗೆ ಪರೀಕ್ಷಿಸುವ ಅಧಿಕಾರ ಇದೆಯೋ ಇಲ್ಲವೋ? ಇದ್ದರೆ ಹೇಗೆ? ದಯವಿಟ್ಟು ಎಲ್ಲ ಸಭೆಗಳವರೂ ಮಾತಾಡಿ.

ಚಿಂತಾಮಣಿ ಬ್ರದರ್:

ಪ್ರೈಸ್ ದ ಲಾರ್ಡ್ ಅಣ್ಣ. ಆ ಕುಟುಂಬಕ್ಕೆ ಆಗಿದ್ದು ಅನ್ಯಾಯ, ಒಪ್ಪುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಪೆಂತೆಕೋಸ್ತ್ ಸಭೆಯವನು. ನನ್ನ ತಂದೆ ಕುಡಿತ ಬಿಟ್ಟಿದ್ದು ಒಬ್ಬ ದೇವರ ಸೇವಕರು ಪ್ರಾರ್ಥನೆಯ ಮಧ್ಯೆ ಹೇಳಿದ ಒಂದು ಮಾತಿನಿಂದ. ಅವರಿಗೆ ನಮ್ಮ ಮನೆ ವಿಷಯ ಗೊತ್ತಿರಲಿಲ್ಲ. ಅದನ್ನ ನಾನು ಸುಳ್ಳು ಅನ್ನೋಕೆ ಆಗಲ್ಲ. 1 ಥೆಸಲೊನೀಕ 5ರಲ್ಲಿ ಪೌಲನು ಆತ್ಮನನ್ನು ನಂದಿಸಬೇಡಿ, ಪ್ರವಾದನೆಯನ್ನು ತಿರಸ್ಕರಿಸಬೇಡಿ ಅಂತಾನೆ. ಪರೀಕ್ಷೆಯ ಹೆಸರಲ್ಲಿ ಪ್ರವಾದನೆಯಂಥ ಪವಿತ್ರಾತ್ಮನ ವರಗಳನ್ನೇ ಹೊರಗೆ ಹಾಕಿಬಿಡೋ ಸಭೆಗಳೂ ಇವೆ. ಅದೂ ಅಪಾಯವೇ.

ತುಮಕೂರಿನ ಹಿರಿಯರು:

ಚಿಂತಾಮಣಿಯ ಸಹೋದರರು ಹೇಳಿದ ವಚನ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ವಚನದಲ್ಲೇ ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರಿ ಎಂದಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ನಾನು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವನು, ನಿವೃತ್ತ ಶಿಕ್ಷಕ. ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ 19ನೇ ಶತಮಾನದಲ್ಲೇ ಕೆಲಸ ಆರಂಭಿಸಿದ ಪ್ರದೇಶ ನಮ್ಮದು. ನಮ್ಮ ಮನೆಗಳಲ್ಲಿ ದೇವರು ಮಾತಾಡುತ್ತಾನೆ ಎಂದರೆ ಸತ್ಯವೇದ ತೆರೆದು ಓದುವುದು ಎಂದೇ ಅರ್ಥ. ಇಬ್ರಿಯರಿಗೆ ಬರೆದ ಪತ್ರದ ಮೊದಲ ವಚನಗಳನ್ನು ನೋಡಿ. ಪೂರ್ವಕಾಲದಲ್ಲಿ ಪ್ರವಾದಿಗಳ ಮೂಲಕ ಮಾತಾಡಿದ ದೇವರು ಈ ಕಡೇ ದಿನಗಳಲ್ಲಿ ಮಗನ ಮೂಲಕ ಮಾತಾಡಿದ್ದಾನೆ. ನನಗೆ ಅಷ್ಟು ಸಾಕು. ಆದರೂ ಪ್ರವಾದನೆಯ ವರ ಇಂದಿಗೂ ಇದೆ ಎಂದು ನಂಬುವವರನ್ನು ನಾನು ಕೀಳಾಗಿ ಕಾಣುವುದಿಲ್ಲ. ವರ ಇದೆಯೋ ನಿಂತಿತೋ ಎಂಬ ವಾದದಲ್ಲಿ ಈ ಚರ್ಚೆ ಕಳೆದುಹೋಗಬಾರದು. ವರ ಇದೆ ಎಂದು ನಂಬುವವರಿಗೇ ಪರೀಕ್ಷೆಯ ಜವಾಬ್ದಾರಿ ಹೆಚ್ಚು.

ಆದಿ ಸಭೆಗೂ ಇದೇ ಕಷ್ಟ ಇತ್ತು. ಮೊದಲನೇ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ ಕಾಲದ 'ದಿದಾಕೆ' ಎಂಬ ಸಣ್ಣ ಬೋಧನಾ ಗ್ರಂಥವಿದೆ. ಸತ್ಯವೇದದ ಭಾಗವಲ್ಲ, ಆದರೆ ಆ ಕಾಲದ ಸಭೆಗಳು ಹೇಗೆ ನಡೆಯುತ್ತಿದ್ದವು ಎಂದು ತಿಳಿಯಲು ಬಹಳ ಉಪಯುಕ್ತ. ಊರೂರು ಸುತ್ತುವ ಬೋಧಕ ಬಂದರೆ ಕರ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಿ ಎನ್ನುತ್ತದೆ. ಅವನು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಇರಬಹುದು. ಮೂರು ದಿನ ಕುಳಿತರೆ ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಬಿಟ್ಟು ಬೇರೇನೂ ತೆಗೆದುಕೊಳ್ಳಬಾರದು, ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ 'ನನಗೆ ಹಣ ಕೊಡಿ' ಅಂದವನ ಮಾತು ಕೇಳಬೇಡಿ, ಆದರೆ ಕೊರತೆಯಲ್ಲಿರುವ ಬೇರೆಯವರಿಗಾಗಿ ಕೊಡಿ ಅಂದರೆ ಅವನಿಗೆ ತೀರ್ಪು ಮಾಡಬೇಡಿ ಎಂದೂ ಅದರಲ್ಲಿದೆ. ಆ ಸಭೆಗಳಲ್ಲಿ ಇದ್ದವರಲ್ಲಿ ಎಷ್ಟೋ ಮಂದಿ ಬಡವರು, ದಾಸರು. ಆದರೂ ಅವರಿಗೆ ಪರೀಕ್ಷಿಸುವ ಧೈರ್ಯ ಇತ್ತು.

ಕೋಲಾರದ ವಿಶ್ವಾಸಿ:

ಹಿರಿಯರಿಗೆ ಧನ್ಯವಾದ. ವರ ನಿಂತಿದೆ ಅಂತ ನಾನೂ ಹೇಳುತ್ತಿಲ್ಲ. ಯೆರೆಮೀಯ 28ನೇ ಅಧ್ಯಾಯವನ್ನು ಎಲ್ಲರೂ ಒಮ್ಮೆ ಪೂರ್ತಿ ಓದಬೇಕು ಅಂತ ನನ್ನ ಆಸೆ. ಇದರ ಮೇಲೆ ಕನ್ವೆನ್ಶನ್‌ಗಳಲ್ಲಿ ಪ್ರಸಂಗ ಆಗಿದ್ದನ್ನು ನಾನು ಕೇಳಿಲ್ಲ.

ಬಾಬೆಲಿನ ಅರಸ ಯೆಹೂದದ ಅನೇಕರನ್ನು ಸೆರೆಹಿಡಿದು ಒಯ್ದಿದ್ದ ಕಾಲ. ಗಿಬ್ಯೋನಿನ ಹನನ್ಯ ಎಂಬ ಪ್ರವಾದಿ. ದೇವಾಲಯದಲ್ಲಿ, ಯಾಜಕರ ಮುಂದೆ, ಎಲ್ಲ ಜನರ ಮುಂದೆ ನಿಂತು ಯೆಹೋವನ ಹೆಸರಿನಲ್ಲೇ ಹೇಳುತ್ತಾನೆ: ಬಾಬೆಲಿನ ಅರಸನ ನೊಗ ಮುರಿಯಿತು, ಎರಡು ವರ್ಷದೊಳಗೆ ದೇವಾಲಯದ ಪಾತ್ರೆಗಳೂ ಸೆರೆಹೋದವರೂ ಹಿಂತಿರುಗುತ್ತಾರೆ. ಜನರಿಗೆ ಇದಕ್ಕಿಂತ ಸಿಹಿ ಮಾತು ಬೇಕೇ? ಅವನು ಬೇರೆ ದೇವರ ಹೆಸರು ಎತ್ತಲಿಲ್ಲ. ಅವನ ಭಾಷೆ, ಶೈಲಿ ಎಲ್ಲ ಯೆರೆಮೀಯನದರಂತೆಯೇ ಇತ್ತು. ಯೆರೆಮೀಯ ಏನು ಮಾಡಿದ? ಮೊದಲು 'ಆಮೆನ್, ಹಾಗೇ ಆಗಲಿ' ಅಂದ. ಅವನಿಗೂ ತನ್ನ ಜನ ಹಿಂತಿರುಗಲಿ ಅನ್ನುವ ಆಸೆ ಇತ್ತು. ಆಮೇಲೆ ಒಂದು ಮಾತು ಸೇರಿಸಿದ: ಸಮಾಧಾನವನ್ನು ಸಾರುವ ಪ್ರವಾದಿಯ ಮಾತು ನೆರವೇರಿದಾಗಲೇ ಅವನು ಯೆಹೋವನು ಕಳುಹಿಸಿದವನೆಂದು ತಿಳಿಯುವುದು. ಬಾಬೆಲಿಗೆ ಅಧೀನರಾಗಿರಿ ಎಂಬುದಕ್ಕೆ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನೇ ಹನನ್ಯ ಸಿಟ್ಟಾಗಿ ಮುರಿದ. ಯೆರೆಮೀಯ ಅಲ್ಲಿ ಜಗಳ ಮಾಡದೆ ಹೊರಟುಹೋದ. ದೇವರು ಮಾತಾಡಿದ ಮೇಲೆಯೇ ಹಿಂತಿರುಗಿ ಬಂದು, ಯೆಹೋವನು ನಿನ್ನನ್ನು ಕಳುಹಿಸಲಿಲ್ಲ, ಈ ಜನರು ಸುಳ್ಳನ್ನು ನಂಬುವಂತೆ ಮಾಡಿದ್ದೀ ಅಂತ ಅವನ ಮುಖಕ್ಕೇ ಹೇಳಿದ. ಅದೇ ವರ್ಷದ ಏಳನೇ ತಿಂಗಳಲ್ಲಿ ಹನನ್ಯ ಸತ್ತ. ಸೆರೆಯ ಕಾಲ ಎಪ್ಪತ್ತು ವರ್ಷ ಎಂದು ಮುಂದಿನ ಅಧ್ಯಾಯದಲ್ಲೇ ಇದೆ.

ಈ ಅಧ್ಯಾಯ ನನಗೆ ಕಲಿಸಿದ್ದು ಏನೆಂದರೆ, ಕೇಳಲು ಹಿತವಾಗಿದೆ ಎಂಬುದು ಪ್ರವಾದನೆಗೆ ಸಾಕ್ಷಿ ಅಲ್ಲ, ಹಿತವಾದದ್ದನ್ನೇ ಹೆಚ್ಚು ಕಾದು ನೋಡಬೇಕು. ಹನನ್ಯನ ಮಾತು ನಂಬಿ ಎರಡು ವರ್ಷದ ಲೆಕ್ಕದಲ್ಲಿ ಬದುಕನ್ನು ಕಟ್ಟಿಕೊಂಡವರ ಗತಿ ಏನಾಗಿರಬೇಕು ಯೋಚಿಸಿ. ದೇವರು ಯೆರೆಮೀಯನ ಮೂಲಕ ಬಾಬೆಲಿಗೆ ಸೆರೆಹೋದವರಿಗೆ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಅಂತ ಹೇಳಿಕಳುಹಿಸಿದ. ಕೇಳಲು ಅಷ್ಟು ಸಿಹಿಯಲ್ಲ, ಆದರೆ ಅದರಿಂದ ಜನ ಬದುಕಿಕೊಂಡರು.

ಮಾಲೂರು ಸಹೋದರ:

ಇಷ್ಟೆಲ್ಲ ಮಾತಾಡೋದು ಸರಿಯಲ್ಲ. 'ನನ್ನ ಅಭಿಷಿಕ್ತರನ್ನು ಮುಟ್ಟಬೇಡಿ' ಅಂತ ವಾಕ್ಯದಲ್ಲಿ ಇದೆ. ದೇವರ ಸೇವಕರ ತಪ್ಪನ್ನ ದೇವರೇ ನೋಡ್ಕೋತಾರೆ. ನಾವು ಯಾರು?

ತುಮಕೂರಿನ ಹಿರಿಯರು:

ತಮ್ಮಾ, ಅದು ಕೀರ್ತನೆ 105. ಅಲ್ಲಿ ಅಭಿಷಿಕ್ತರು ಅಂದರೆ ಅಬ್ರಹಾಮ, ಇಸಾಕ, ಯಾಕೋಬ. ನೆಲೆಯಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅವರಿಗೆ ಕೇಡು ಮಾಡಬೇಡಿ ಎಂದು ದೇವರು ಅರಸರನ್ನು ಗದರಿಸಿದ ಮಾತು ಅದು. ಬಲವಿಲ್ಲದವರನ್ನು ಬಲಿಷ್ಠರಿಂದ ಕಾಪಾಡಲು ಹೇಳಿದ್ದನ್ನು, ಮೈಕು ಹಿಡಿದವರನ್ನು ಬಡ ವಿಶ್ವಾಸಿಯ ಪ್ರಶ್ನೆಯಿಂದ ಕಾಪಾಡಲು ಬಳಸುವುದು ವಾಕ್ಯಕ್ಕೆ ಮಾಡುವ ದ್ರೋಹ.

ದಾವೀದನು ತನ್ನನ್ನು ಕೊಲ್ಲಲು ಅಟ್ಟಿಬಂದ ಅಭಿಷಿಕ್ತ ಅರಸ ಸೌಲನ ಮೇಲೆ ಕೈ ಎತ್ತಲಿಲ್ಲ, ನಿಜ. ಆದರೆ ಗವಿಯಿಂದ ಹೊರಗೆ ಬಂದು ಎಲ್ಲರಿಗೂ ಕೇಳುವಂತೆ, ನೀನು ನನಗೆ ಮಾಡುತ್ತಿರುವುದು ಅನ್ಯಾಯ ಎಂದು ಹೇಳಿದ. ಮುಂದೆ ದಾವೀದನೇ ಅರಸನಾಗಿ ಪಾಪ ಮಾಡಿದಾಗ ಪ್ರವಾದಿ ನಾತಾನನು ಅವನಿಗೇ 'ಆ ಮನುಷ್ಯ ನೀನೇ' ಅಂದ. ಪೌಲನು ಅಂತಿಯೋಕ್ಯದಲ್ಲಿ ಪೇತ್ರನನ್ನು ಮುಖಾಮುಖಿಯಾಗಿ ಎದುರಿಸಿದ. ಪೌಲನ ಬೋಧನೆಯನ್ನೇ ದಿನದಿನವೂ ಶಾಸ್ತ್ರಕ್ಕೆ ಹೋಲಿಸಿ ನೋಡಿದ ಬೆರೋಯದವರನ್ನು ಅಪೊಸ್ತಲರ ಕೃತ್ಯಗಳು 17 ಹೊಗಳುತ್ತದೆ. ಪೌಲನನ್ನು ಪರೀಕ್ಷಿಸಬಹುದಾದರೆ ನಮ್ಮ ಕಾಲದ ಯಾರನ್ನು ಪರೀಕ್ಷಿಸಬಾರದು?

ಕೆಜಿಎಫ್ ಹುಡುಗ:

ನಮ್ಮದು ಆಂಡರ್ಸನ್‌ಪೇಟೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿ ಮತ್ತೆ ತೆರೆಯುತ್ತೆ ಅನ್ನೋ ಪ್ರವಾದನೆ ಕೇಳ್ಕೊಂಡೇ ಬೆಳೆದವನು ನಾನು. ನಮ್ಮ ಅಪ್ಪನ ವಯಸ್ಸಿನವರು ಎಷ್ಟೋ ಜನ ಅದನ್ನ ನಂಬ್ಕೊಂಡು ಬೇರೆ ಕೆಲಸಕ್ಕೆ ಹೋಗ್ಲೇ ಇಲ್ಲ. ಈಗ ನಾವೆಲ್ಲ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗ್ತೀವಿ.

ನನ್ನ ಪ್ರಶ್ನೆ ಬೇರೆ. ಹೋದ ಸಲ ಒಂದು ದೊಡ್ಡ ಕೂಟಕ್ಕೆ ಹೋಗಿದ್ದೆ. ವೇದಿಕೆ ಮೇಲಿಂದ ಬೋಧಕರು ಒಬ್ಬ ಆಂಟಿಯನ್ನ ಹೆಸರು ಹಿಡಿದು ಕರೆದು, ಮಗನ ಹೆಸರು, ಬೀದಿ, ಫೋನ್ ನಂಬರಿನ ಕೊನೆಯ ಅಂಕಿಗಳು ಎಲ್ಲಾ ಹೇಳಿದ್ರು. ಎಲ್ಲರೂ ಅತ್ತರು, ನಾನೂ ಅತ್ತೆ. ಇದು ದೇವರಿಂದ ಅಲ್ಲ ಅಂದ್ರೆ ಹೇಗೆ ಗೊತ್ತಾಯ್ತು?

ಕೋಲಾರದ ವಿಶ್ವಾಸಿ:

ತಮ್ಮಾ, ನೀನು ನೋಡಿದ ಆ ಕೂಟದ ಬಗ್ಗೆ ನಾನು ತೀರ್ಪು ಹೇಳುವುದಿಲ್ಲ, ನಾನು ಅಲ್ಲಿ ಇರಲಿಲ್ಲ. ಆದರೆ ಹೀಗೂ ಆಗುತ್ತದೆ ಅಂತ ತಿಳಿದಿರು. ಅಮೆರಿಕದಲ್ಲಿ ಪೀಟರ್ ಪಾಪಾಫ್ ಎಂಬ ಬೋಧಕರು 1980ರ ದಶಕದಲ್ಲಿ ಇದೇ ರೀತಿ ಜನರ ಹೆಸರು, ವಿಳಾಸ, ಕಾಯಿಲೆ ಹೇಳಿ ಹೆಸರಾಗಿದ್ದರು. 1986ರಲ್ಲಿ ಇಂಥ ಮೋಸಗಳನ್ನು ಬಯಲಿಗೆಳೆಯುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಅವರ ಜೊತೆಗಾರರು ರೇಡಿಯೋ ಉಪಕರಣ ಇಟ್ಟುಕೊಂಡು ಕೂಟದೊಳಗೆ ಕುಳಿತರು. 39.17 ಮೆಗಾಹರ್ಟ್ಸ್‌ನಲ್ಲಿ ಪಾಪಾಫ್ ಅವರ ಹೆಂಡತಿಯ ಧ್ವನಿ ಸಿಕ್ಕಿತು. ಜನರು ಬರೆದುಕೊಟ್ಟಿದ್ದ ಪ್ರಾರ್ಥನಾ ಚೀಟಿಗಳಿಂದ ಆಕೆ ಓದುತ್ತಿದ್ದರು, ಅವರು ಕಿವಿಯಲ್ಲಿದ್ದ ಸಣ್ಣ ಯಂತ್ರದಲ್ಲಿ ಕೇಳಿ ಹೇಳುತ್ತಿದ್ದರು. ಆ ಧ್ವನಿಮುದ್ರಣವನ್ನು ಜಾನಿ ಕಾರ್ಸನ್ ಅವರ ಟಿವಿ ಕಾರ್ಯಕ್ರಮದಲ್ಲಿ ಎಲ್ಲರಿಗೂ ತೋರಿಸಿದರು. ಮರುವರ್ಷ ಪಾಪಾಫ್ ದಿವಾಳಿ ಅರ್ಜಿ ಹಾಕಿದರು. ಆಮೇಲೆ ಕೆಲವು ವರ್ಷಗಳಲ್ಲಿ ಮತ್ತೆ ಟಿವಿಗೆ ಬಂದರು, ಜನ ಮತ್ತೆ ಹಣ ಕಳುಹಿಸಿದರು.

ಆಗ ಬೇಕಾಗಿದ್ದುದು ಕಾಗದದ ಚೀಟಿ. ಈಗ ಕೂಟಕ್ಕೆ ಬರುವ ಮುಂಚೆ ಫೋನಿನಲ್ಲಿ ಫಾರಂ ತುಂಬಿಸುತ್ತಾರೆ. ನಮ್ಮ ಫೇಸ್‌ಬುಕ್ಕಿನಲ್ಲಿ ಮಗಳ ಮದುವೆ, ಅಳಿಯನ ಕೆಲಸ, ಅಜ್ಜಿಯ ಆಪರೇಷನ್ ಎಲ್ಲ ಇರುತ್ತದೆ. ದೇವರಿಗೆ ಫೋನ್ ನಂಬರು ಗೊತ್ತಿಲ್ಲ ಅಂತ ಅಲ್ಲ. ಆದರೆ ಸತ್ಯವೇದದ ಯಾವ ಪ್ರವಾದಿಯೂ ಕೇಳುವವನಿಗೆ ಆಗಲೇ ಗೊತ್ತಿರುವ ವಿಳಾಸ ಹೇಳಲು ಕಳುಹಿಸಲ್ಪಡಲಿಲ್ಲ. ಯೇಸು ಸಮಾರ್ಯದ ಹೆಂಗಸಿಗೆ ಅವಳ ಬದುಕನ್ನು ಹೇಳಿದ್ದು ಬಾವಿಯ ಹತ್ತಿರ, ಯಾರೂ ಇಲ್ಲದಾಗ, ಅವಳನ್ನು ಜೀವಜಲದ ಕಡೆ ತಿರುಗಿಸಲು.

ಚಿಂತಾಮಣಿ ಬ್ರದರ್:

ಇದಕ್ಕೆ ನಾನೂ ಸೇರಿಸ್ತೀನಿ. ಹೇಳಿದ ವಿಷಯ ನಿಜ ಅನ್ನೋದೊಂದೇ ಸಾಕಾಗಲ್ಲ. ಫಿಲಿಪ್ಪಿಯಲ್ಲಿ ಗಾರುಡಗಾತಿ ಹುಡುಗಿ ಪೌಲನ ಹಿಂದೆ ಬಂದು, ಇವರು ಪರಾತ್ಪರ ದೇವರ ದಾಸರು ಅಂತ ಕೂಗಿದಳು. ಅದು ನಿಜವೇ! ಆದರೂ ಪೌಲನು ಆ ಆತ್ಮವನ್ನು ಹೊರಡಿಸಿದ. ಆ ಹುಡುಗಿಯಿಂದ ಅವಳ ಯಜಮಾನರಿಗೆ ಬಹಳ ಸಂಪಾದನೆ ಇತ್ತು ಅಂತ ಅಲ್ಲೇ ಬರೆದಿದೆ. ಧರ್ಮೋಪದೇಶಕಾಂಡ 13ರಲ್ಲೂ, ಪ್ರವಾದಿ ಹೇಳಿದ ಗುರುತು ನಡೆದರೂ ಅವನು ನಿಮ್ಮನ್ನ ದೇವರಿಂದ ದೂರ ಕರೆದರೆ ಕೇಳಬೇಡಿ ಅಂತ ಇದೆ. ನಮ್ಮ ಟೊಮೆಟೊ ಮಂಡಿಯಲ್ಲಿ ಬಾಕ್ಸಿನ ಮೇಲಿನ ಸಾಲು ಮಾತ್ರ ನೋಡಿ ಯಾರೂ ಹರಾಜು ಕೂಗಲ್ಲ, ಕೆಳಗೆ ಕೈ ಹಾಕಿ ನೋಡ್ತಾರೆ. ನಾವು ಆತ್ಮದ ವಿಷಯದಲ್ಲಿ ಅಷ್ಟೂ ಮಾಡ್ತಿಲ್ಲ.

ಬಂಗಾರಪೇಟೆ ನರ್ಸ್:

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ನೀವೆಲ್ಲ ವಚನ ಮಾತಾಡ್ತಿದ್ದೀರಿ, ನಾನು ವಾರ್ಡು ಮಾತಾಡ್ತೀನಿ.

'ನೀನು ಗುಣವಾಗಿದ್ದೀಯ ಎಂದು ಕರ್ತನು ಹೇಳುತ್ತಿದ್ದಾನೆ' ಅನ್ನೋ ಮಾತು ಕೇಳಿ ಮಾತ್ರೆ ಬಿಟ್ಟು ಬರೋವ್ರು ನಮ್ಮಲ್ಲಿ ಇದ್ದಾರೆ. ಟಿಬಿ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು ತಗೋಬೇಕು. ಎರಡು ತಿಂಗಳಿಗೆ ಕೆಮ್ಮು ಕಡಿಮೆ ಆಗುತ್ತೆ, ತೂಕ ಬರುತ್ತೆ, ಆಗ ಯಾರೋ ಬಿಡುಗಡೆ ಆಯ್ತು ಅಂತಾರೆ, ಮಾತ್ರೆ ನಿಲ್ಲುತ್ತೆ. ಆಮೇಲೆ ಬರೋ ಟಿಬಿಗೆ ಮೊದಲಿನ ಮಾತ್ರೆ ಕೆಲಸ ಮಾಡದೇ ಹೋಗಬಹುದು, ಮನೆಯ ಮಕ್ಕಳಿಗೂ ಹರಡಬಹುದು. ಫಿಟ್ಸ್ ಮಾತ್ರೆ ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ಪ್ರಾಣ ಹೋಗಬಹುದು. ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದು ಇನ್ಸುಲಿನ್ ಮೇಲೆ ಬದುಕೋ ಮಕ್ಕಳು ಅದನ್ನ ಬಿಟ್ಟರೆ ಕೆಲವೇ ದಿನ. ಇದು ನಂಬಿಕೆಯ ಪರೀಕ್ಷೆ ಅಲ್ಲ ಅಮ್ಮಂದಿರೇ, ದಯವಿಟ್ಟು.

ನಾನು ಪ್ರಾರ್ಥನೆ ಮಾಡದೆ ಡ್ಯೂಟಿಗೆ ಹೋಗೋವಳಲ್ಲ. ಕೋಲಾರದ ಇಟಿಸಿಎಂ ಆಸ್ಪತ್ರೆ ಮೆಥೋಡಿಸ್ಟ್ ಮಿಷನ್ನಿಂದ ಬಂದದ್ದು, ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಲಂಡನ್ ಮಿಷನ್ನಿಂದ ಬಂದದ್ದು. ಪ್ರಾರ್ಥನೆಯನ್ನೂ ಔಷಧಿಯನ್ನೂ ಒಂದೇ ಕೈಯಲ್ಲಿ ಹಿಡಿದವರು ನಮಗೆ ಸುವಾರ್ತೆ ತಂದರು. ಯೇಸು ಕುಷ್ಠರೋಗಿಯನ್ನ ಗುಣಪಡಿಸಿದ ಮೇಲೆ ಏನಂದ? ಹೋಗಿ ಯಾಜಕನಿಗೆ ಮೈ ತೋರಿಸಿಕೋ. ಆ ಕಾಲದಲ್ಲಿ ಪರೀಕ್ಷೆ ಮಾಡಿ ಶುದ್ಧ ಅಂತ ಹೇಳೋ ಅಧಿಕಾರ ಯಾಜಕನಿಗೆ ಇತ್ತು. ದೇವರ ಮಗನೇ ತಾನು ಗುಣಮಾಡಿದವನನ್ನ ಪರೀಕ್ಷೆಗೆ ಕಳುಹಿಸಿದ. ಹಾಗಾದರೆ ಬಿಡುಗಡೆ ಆಯ್ತು ಅನ್ನೋ ಬೋಧಕರು ಕಫ ಪರೀಕ್ಷೆಗೆ ಯಾಕೆ ಬೇಡ ಅಂತಾರೆ? ಗುಣವಾಗಿದ್ದರೆ ರಿಪೋರ್ಟು ದೇವರಿಗೆ ಮಹಿಮೆ ತರುತ್ತೆ. ಡಾಕ್ಟರೇ ಮಾತ್ರೆ ನಿಲ್ಲಿಸಲಿ.

ಸಕ್ಕರೆ ಕಾಯಿಲೆ, ಫಿಟ್ಸ್, ಕ್ಯಾನ್ಸರ್ ಮಂತ್ರಶಕ್ತಿಯಿಂದ ವಾಸಿಮಾಡ್ತೀವಿ ಅಂತ ಜಾಹೀರಾತು ಕೊಡೋದನ್ನ 1954ರ ಕಾನೂನೇ ತಡೆಯುತ್ತೆ, ಅದನ್ನೂ ಬೋಧಕರು ತಿಳ್ಕೊಂಡಿರಲಿ.

ಶಿಡ್ಲಘಟ್ಟದ ಸಹೋದರಿ:

ನರ್ಸ್ ಅಕ್ಕ ಹೇಳಿದ್ದು ಓದಿ ಧೈರ್ಯ ಬಂತು. ನನ್ನ ಗೆಳತಿಯೊಬ್ಬಳಿಗೆ ಯೌವನಸ್ಥರ ಕೂಟದಲ್ಲಿ, ಇಂಥ ಹುಡುಗನೇ ನಿನ್ನ ಗಂಡ ಅಂತ ಪ್ರವಾದನೆ ಹೇಳಿದ್ರು. ಆ ಹುಡುಗ ಹೇಳಿದವರಿಗೆ ಹತ್ತಿರದವನು. ಅವಳಿಗೆ ಇಷ್ಟ ಇರಲಿಲ್ಲ. ಬೇಡ ಅಂದ್ರೆ ದೇವರಿಗೆ ಬೇಡ ಅಂದ ಹಾಗೆ ಅಂತ ಹೆದರಿಸಿದ್ರು. ಅವಳ ಅಮ್ಮ ಗಟ್ಟಿ ಹೆಂಗಸು, ನನ್ನ ಮಗಳ ಮದುವೆ ವಿಷಯ ದೇವರು ನನಗೂ ಒಂದು ಮಾತು ಹೇಳ್ತಾನೆ ಬಿಡಿ ಅಂತ ಕರ್ಕೊಂಡು ಬಂದ್ರು. ಅಮ್ಮ ಇಲ್ಲದ ಹುಡುಗಿಯರ ಗತಿ ಏನು?

ಕೋಲಾರದ ವಿಶ್ವಾಸಿ:

ಸಹೋದರಿ, ನಿಮ್ಮ ಗೆಳತಿಯ ತಾಯಿಗೆ ನನ್ನ ವಂದನೆ ತಿಳಿಸಿ.

ಅಪೊಸ್ತಲರ ಕೃತ್ಯಗಳು 21ನ್ನು ಆ ಹುಡುಗಿಗೂ ಓದಿ ಹೇಳಿ. ಅಗಬ ನಿಜವಾದ ಪ್ರವಾದಿ. ಪೌಲನ ನಡುಕಟ್ಟು ತೆಗೆದು ತನ್ನ ಕೈಕಾಲು ಕಟ್ಟಿಕೊಂಡು, ಇದರ ಯಜಮಾನನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟುತ್ತಾರೆ ಅಂದ. ಕೂಡಿದ್ದವರೆಲ್ಲ ಪೌಲನಿಗೆ ಹೋಗಬೇಡ ಅಂತ ಅತ್ತರು. ಪೌಲ ಹೋದ. ಅಗಬನೂ ಅವನನ್ನು ತಡೆದು ಆಜ್ಞೆ ಕೊಟ್ಟನೆಂದು ಬರೆದಿಲ್ಲ. ಕೊನೆಗೆ ಎಲ್ಲರೂ ಕರ್ತನ ಚಿತ್ತದಂತೆ ಆಗಲಿ ಅಂತ ಸುಮ್ಮನಾದರು. ನಿಜವಾದ ಪ್ರವಾದನೆಯ ಎದುರಿಗೂ ಪೌಲನ ಮನಸ್ಸಾಕ್ಷಿ, ಅವನ ನಿರ್ಧಾರ ಅವನದೇ ಆಗಿ ಉಳಿಯಿತು. ಹೀಗಿರುವಾಗ ಯಾರದೋ ಬಾಯಿಂದ ಬಂದ ಮಾತಿಗೆ ಒಬ್ಬ ಹುಡುಗಿ ಕೊರಳು ಕೊಡಬೇಕೆಂದು ಯಾರು ಹೇಳಬಲ್ಲರು?

ಚಿಂತಾಮಣಿ ಬ್ರದರ್:

ಅಗಬನ ವಿಷಯದಲ್ಲಿ ಪಂಡಿತರಲ್ಲೇ ವಾದ ಇದೆ. ಯೆಹೂದ್ಯರು ಕಟ್ಟುತ್ತಾರೆ ಅಂದ, ಕಟ್ಟಿದ್ದು ರೋಮಿನವರು, ಆದ್ದರಿಂದ ಹೊಸ ಒಡಂಬಡಿಕೆಯ ಪ್ರವಾದನೆಯಲ್ಲಿ ವಿವರ ತಪ್ಪಬಹುದು ಅಂತ ವೇಯ್ನ್ ಗ್ರೂಡೆಮ್ ಥರದವರು ಹೇಳ್ತಾರೆ. ಇಲ್ಲ, ಪೌಲನೇ 28ನೇ ಅಧ್ಯಾಯದಲ್ಲಿ ತನ್ನನ್ನ ರೋಮಿನವರ ಕೈಗೆ ಒಪ್ಪಿಸಿದ್ರು ಅನ್ನೋದರಿಂದ ಅಗಬನ ಮಾತು ಸರಿಯಾಗೇ ಇತ್ತು ಅಂತ ಇನ್ನೊಂದು ಕಡೆಯವರು. ನನ್ನ ಮನಸ್ಸಿಗೆ ಎರಡನೆಯದೇ ಹಿಡಿಸುತ್ತೆ. ಆದರೆ ಮೊದಲನೆಯದನ್ನ ಒಪ್ಪಿದವರಿಗೆ ಒಂದು ಪ್ರಶ್ನೆ. ತಪ್ಪಬಹುದು ಅಂತ ನಿಮಗೇ ಗೊತ್ತಿದ್ದರೆ 'ಯೆಹೋವನು ಹೀಗನ್ನುತ್ತಾನೆ' ಅಂತ ಗುಡುಗೋದು ಯಾಕೆ? ನನಗೆ ಹೀಗೆ ಅನಿಸುತ್ತಿದೆ, ಪ್ರಾರ್ಥಿಸಿ ನೋಡಿ ಅನ್ನಬಹುದಲ್ಲ?

ಅಗಬನ ಮೊದಲನೇ ಪ್ರವಾದನೆಯನ್ನೂ ನೋಡಿ. 11ನೇ ಅಧ್ಯಾಯ, ಬರ ಬರುತ್ತೆ ಅಂದ, ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬಂತು. ಅದನ್ನ ಕೇಳಿದ ಅಂತಿಯೋಕ್ಯದವರು ಶಕ್ತಿ ಇದ್ದಷ್ಟು ಕೂಡಿಸಿ ಯೂದಾಯದ ಬಡ ಸಹೋದರರಿಗೆ ಬಾರ್ನಬ, ಸೌಲರ ಕೈಲಿ ಕಳುಹಿಸಿದರು. ಹಣ ಅಗಬನ ಕೈಗೆ ಹೋಗಲಿಲ್ಲ, ಹಸಿದವರಿಗೆ ಹೋಯ್ತು. ಮೀಕ 3ರಲ್ಲಿ ಇದಕ್ಕೆ ತದ್ವಿರುದ್ಧ ಇದೆ. ಬಾಯಿಗೆ ಏನಾದರೂ ಹಾಕಿದವರಿಗೆ ಸಮಾಧಾನ ಅಂತಾರೆ, ಹಾಕದವರ ಮೇಲೆ ಯುದ್ಧ ಸಾರ್ತಾರೆ. ಕುಷ್ಠ ವಾಸಿಯಾದ ನಾಮಾನ ತಂದ ಬೆಳ್ಳಿ ಬಂಗಾರವನ್ನ ಪ್ರವಾದಿ ಎಲೀಷ ಮುಟ್ಟಲಿಲ್ಲ, ಅದರ ಆಸೆಗೆ ಹಿಂದೆ ಓಡಿದ ಅವನ ಸೇವಕ ಗೇಹಜಿಗೆ ಕುಷ್ಠ ಹತ್ತಿತು.

ಮಾಲೂರು ಸಹೋದರ:

ಹಿರಿಯರು ಕೊಟ್ಟ ಕೀರ್ತನೆ ಓದಿದೆ, ಸರಿ. ಆದರೆ ಯೋನನ ಪ್ರವಾದನೆಯೂ ನೆರವೇರಲಿಲ್ಲವಲ್ಲ? ನಲವತ್ತು ದಿನಕ್ಕೆ ನಿನೆವೆ ನಾಶ ಅಂದ, ಆಗಲಿಲ್ಲ. ಅವನು ಸುಳ್ಳು ಪ್ರವಾದಿನಾ?

ತುಮಕೂರಿನ ಹಿರಿಯರು:

ಒಳ್ಳೆಯ ಪ್ರಶ್ನೆ. ಯೆರೆಮೀಯ 18ರಲ್ಲಿ ಉತ್ತರವಿದೆ. ಕೇಡು ಬರುತ್ತದೆ ಎಂದು ದೇವರು ಹೇಳಿದ ಜನಾಂಗ ತಿರುಗಿಕೊಂಡರೆ ಕೇಡನ್ನು ತಡೆಯುತ್ತಾನೆ. ನಿನೆವೆಯ ಅರಸನೇ ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕುಳಿತ. ಪಶ್ಚಾತ್ತಾಪ ಕಣ್ಣಿಗೆ ಕಾಣುತ್ತಿತ್ತು. ನಿನ್ನ ಮಗನಿಗೆ ಮಾರ್ಚಿನಲ್ಲಿ ಸರ್ಕಾರಿ ಕೆಲಸ ಎಂದ ಮಾತಿಗೆ ಯೋನನನ್ನು ಅಡ್ಡ ತರಲಾಗದು.

ಇತಿಹಾಸವೂ ಇದನ್ನೇ ಹೇಳುತ್ತದೆ. ಎರಡನೇ ಶತಮಾನದಲ್ಲಿ ಈಗಿನ ಟರ್ಕಿಯ ಫ್ರುಗ್ಯ ಪ್ರಾಂತ್ಯದಲ್ಲಿ, ತಾನು ಪ್ರವಾದಿ ಎಂದ ಮೊಂಟಾನಸ್ ಜೊತೆಗಿದ್ದ ಮ್ಯಾಕ್ಸಿಮಿಲ್ಲಾ ತನ್ನ ನಂತರ ಲೋಕದ ಅಂತ್ಯವೇ ಎಂದಳು. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನು ಬರುತ್ತಾನೆಂದು ಕಾದು ಕುಳಿತರು. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ನ್ಯಾಯತೀರ್ಪಿನ ದಿನ 2011ರ ಮೇ 21 ಎಂದರು, ಆಗದಿದ್ದಾಗ ಅಕ್ಟೋಬರ್ 21 ಎಂದರು. ಆ ದಿನವೂ ಆ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂದು ಯೇಸುವೇ ಹೇಳಿದ್ದನ್ನು ದಾಟಿಹೋದವರು ಇವರು. ಕ್ಯಾಂಪಿಂಗ್ 2012ರಲ್ಲಿ ತನ್ನದು ತಪ್ಪು, ಪಾಪದ ಮಾತು ಎಂದು ಒಪ್ಪಿದರು.

ಕೋಲಾರದ ವಿಶ್ವಾಸಿ:

ಒಪ್ಪಿಕೊಳ್ಳುವ ವಿಷಯ ಬಂದದ್ದರಿಂದ ಒಂದು ಹತ್ತಿರದ ಉದಾಹರಣೆ. 2020ರ ಅಮೆರಿಕ ಚುನಾವಣೆಯಲ್ಲಿ ಟ್ರಂಪ್ ಗೆಲ್ಲುತ್ತಾರೆಂದು ಅಲ್ಲಿನ ಅನೇಕ ಬೋಧಕರು ಪ್ರವಾದಿಸಿದರು, ಗೆದ್ದದ್ದು ಬೈಡನ್. ಜೆರೆಮಾಯಾ ಜಾನ್ಸನ್ ಎಂಬುವರು 2021ರ ಜನವರಿಯಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅದಕ್ಕೆ ಅವರಿಗೆ ಬಂದದ್ದು ವಿಶ್ವಾಸಿಗಳಿಂದಲೇ ಬೈಗುಳ, ಬೆದರಿಕೆ. ತಪ್ಪು ಒಪ್ಪಿದವನನ್ನು ಹೊಡೆದು, ಒಪ್ಪದವನನ್ನು ಹೊತ್ತು ಮೆರೆಸಿದ್ದು ಜನ. ಅದೇ ವರ್ಷ ಏಪ್ರಿಲ್‌ನಲ್ಲಿ ವರಗಳನ್ನು ನಂಬುವ ನಾಯಕರೇ ಸೇರಿ ಒಂದು ಹೇಳಿಕೆ ಹೊರಡಿಸಿದರು. ಬಹಿರಂಗವಾಗಿ ಹೇಳಿದ ಪ್ರವಾದನೆ ತಪ್ಪಿದರೆ ಬಹಿರಂಗವಾಗಿಯೇ ಜವಾಬ್ದಾರಿ ಹೊರಬೇಕೆಂದು ಅದರಲ್ಲಿದೆ. ನಮ್ಮ ರಾಜ್ಯದ ಸಭೆಗಳು ಇಷ್ಟನ್ನಾದರೂ ಒಪ್ಪಲಿ ಎಂದು ನನ್ನ ಬೇಡಿಕೆ.

ಒಬ್ಬ ಓದುಗ, ತುಮಕೂರು:

ನಮ್ಮವರ ಮೇಲೆ ಮೊದಲೇ ಕಣ್ಣಿಟ್ಟಿದ್ದಾರೆ. ಮನೆಯಲ್ಲಿ ಪ್ರಾರ್ಥನೆ ಮಾಡಿದರೂ ದೂರು ಕೊಡುವ ಕಾಲ. ಹೀಗಿರುವಾಗ ನಮ್ಮ ಮನೆಯ ಹುಳುಕನ್ನು ನಾವೇ ಬೀದಿಗೆ ಇಡಬೇಕೇ?

ಗೌರಿಬಿದನೂರಿನ ಸಭಾಪಾಲಕ:

ಸಹೋದರರೇ, ನಿಮ್ಮ ಭಯ ನನಗೂ ಇದೆ. ಕೂಟದ ದಿನ ಬಾಗಿಲ ಕಡೆ ನೋಡುತ್ತಲೇ ಪ್ರಸಂಗ ಮಾಡುವ ಸಭಾಪಾಲಕ ನಾನು. ಆದರೂ ನ್ಯಾಯತೀರ್ಪು ದೇವರ ಮನೆಯಿಂದಲೇ ಆರಂಭವಾಗಬೇಕು ಎಂದು ಪೇತ್ರನು ಬರೆದದ್ದು ಹಿಂಸೆ ಅನುಭವಿಸುತ್ತಿದ್ದ ಸಭೆಗಳಿಗೇ. ನಾವು ಮುಚ್ಚಿಟ್ಟದ್ದನ್ನು ಹೊರಗಿನವರು ತೆರೆದರೆ ಸುವಾರ್ತೆಗೇ ಕಳಂಕ. ಬೋರ್ ಕೊರೆಸಿ ಸಾಲಗಾರನಾದ ಆ ರೈತನ ಅಕ್ಕಪಕ್ಕದವರು ನಮ್ಮ ಕರ್ತನ ಬಗ್ಗೆ ಏನು ತಿಳಿದುಕೊಂಡಿರಬಹುದು?

ನಮ್ಮದು ಚಿಕ್ಕ ಸಭೆ. ವರಗಳನ್ನು ನಂಬುತ್ತೇವೆ. 1 ಕೊರಿಂಥ 14ರಲ್ಲಿ ಪೌಲನು ಇಬ್ಬರು ಮೂವರು ಪ್ರವಾದಿಸಲಿ, ಉಳಿದವರು ವಿವೇಚಿಸಲಿ ಎಂದು ಆಜ್ಞೆ ಕೊಟ್ಟಿದ್ದಾನೆ. ನಾವು ಅದರ ಮೊದಲರ್ಧ ಮಾತ್ರ ಪಾಲಿಸುತ್ತಿದ್ದೇವಲ್ಲ ಎಂದು ಹಿರಿಯರೊಂದಿಗೆ ಕುಳಿತು ಮಾತಾಡಿ ಒಂದು ಕ್ರಮ ಮಾಡಿಕೊಂಡೆವು. ಭಕ್ತಿವೃದ್ಧಿ, ಪ್ರೋತ್ಸಾಹ, ಸಂತೈಸುವಿಕೆಯ ಮಾತನ್ನು ಯಾರಾದರೂ ಹೇಳಬಹುದು. ಮುಂದೆ ನಡೆಯುವುದನ್ನು ಹೇಳುವ ಮಾತಾದರೆ ಮೈಕಿಗೆ ಬರುವ ಮುಂಚೆ ಹಿರಿಯರ ಮುಂದೆ ಬರಬೇಕು, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತೇವೆ, ಹೇಳಿದವರು ಸಹಿ ಹಾಕುತ್ತಾರೆ. ಮದುವೆ, ಔಷಧಿ, ಆಸ್ತಿ, ಓಟು ಈ ವಿಷಯಗಳಲ್ಲಿ ಒಬ್ಬರಿಗೆ ಇನ್ನೊಬ್ಬರು 'ದೇವರು ಹೇಳಿದ' ಎಂದು ಹೇಳುವಂತಿಲ್ಲ. ಪ್ರವಾದನೆಯ ಕೂಟದಲ್ಲಿ ಕಾಣಿಕೆ ಎತ್ತುವುದಿಲ್ಲ. ಹೆಣ್ಣುಮಕ್ಕಳಿಗೆ ಪ್ರಾರ್ಥನೆ ಮಾಡುವಾಗ ಒಬ್ಬ ಹಿರಿಯ ಸಹೋದರಿ ಜೊತೆಗೆ ಇರಲೇಬೇಕು.

ಇದಾದ ಮೇಲೆ ಕೆಲವರು ನಮ್ಮ ಸಭೆ ಬಿಟ್ಟು ಹೋದರು, ಇಲ್ಲಿ ಆತ್ಮನ ಕಾರ್ಯವಿಲ್ಲ ಎಂದರು. ನನಗೆ ದುಃಖವಾಯಿತು. ಆದರೆ ನೋಟ್‌ಬುಕ್ ಇಟ್ಟ ಮೇಲೆ ಪ್ರವಾದನೆಗಳ ಸಂಖ್ಯೆ ಬಹಳ ಕಡಿಮೆಯಾಯಿತು. ಹೇಳುವವರು ಹೇಳುವ ಮುಂಚೆ ಮೊಣಕಾಲೂರುತ್ತಿದ್ದಾರೆ. ನಿಂತು ಹೇಳಿದ ಕೆಲವು ಮಾತುಗಳು ನಿಜವಾಗಿಯೂ ಸಭೆಯನ್ನು ಎಬ್ಬಿಸಿದವು.

ಮಾಲೂರು ಸಹೋದರ:

ಪಾಸ್ಟರ್, ಒಂದು ಸಹಾಯ ಬೇಕು. ಮುಂದಿನ ತಿಂಗಳು ನಮ್ಮೂರಿನ ಕೂಟಕ್ಕೆ ಒಬ್ಬರನ್ನ ಕರೀತಿದ್ದಾರೆ. ಪೋಸ್ಟರಿನಲ್ಲೇ 'ನಿಮ್ಮ ಭವಿಷ್ಯದ ಬಾಗಿಲು ತೆರೆಯುವ ಪ್ರವಾದಿ' ಅಂತ ಹಾಕಿದ್ದಾರೆ. ನಾನು ಕಮಿಟಿಯಲ್ಲಿ ಇದ್ದೀನಿ. ಏನು ಕೇಳಬೇಕು?

ಗೌರಿಬಿದನೂರಿನ ಸಭಾಪಾಲಕ:

ಮೊದಲು ಪೋಸ್ಟರಿನ ಆ ಸಾಲು ತೆಗೆಸಿ, ಕ್ರಿಸ್ತನ ಹೆಸರು ಹಾಕಿಸಿ. ಆಮೇಲೆ ಅವರಿಗೆ ಗೌರವದಿಂದಲೇ ಫೋನ್ ಮಾಡಿ ಕೇಳಿ: ಅಣ್ಣಾ, ನೀವು ಯಾವ ಸಭೆಗೆ ಲೆಕ್ಕ ಒಪ್ಪಿಸುತ್ತೀರಿ, ಅಲ್ಲಿನ ಹಿರಿಯರ ನಂಬರು ಕೊಡಿ. ಕಳೆದ ವರ್ಷ ನೀವು ಹೇಳಿದ್ದರಲ್ಲಿ ತಪ್ಪಿದ್ದು ಯಾವುದಾದರೂ ಇದ್ದರೆ ಆ ಸಭೆಗೆ ಏನು ಹೇಳಿದಿರಿ? ಕೂಟಕ್ಕೆ ಮುಂಚೆ ಫಾರಂ ತುಂಬಿಸುವುದು ಬೇಡ, ಪ್ರಯಾಣದ ಖರ್ಚು ನಾವು ಕೊಡುತ್ತೇವೆ, ವೇದಿಕೆಯಿಂದ ಹಣ ಕೇಳುವುದು ಬೇಡ ಅಂತಲೂ ಹೇಳಿ. ಇದನ್ನೆಲ್ಲ ಕೇಳಿದ್ದಕ್ಕೆ ಅವರು ಬರುವುದಿಲ್ಲ ಅಂದರೆ ಬಿಡಿ. ಬಂದರೆ ಕಮಿಟಿಯವರು ಇಬ್ಬರು ಮುಂದಿನ ಸಾಲಿನಲ್ಲಿ ಕುಳಿತು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ.

ಮಾಲೂರು ಸಹೋದರ:

ಸರಿ ಪಾಸ್ಟರ್. ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಇದೆ, ಅಲ್ಲಿ ಇಡ್ತೀನಿ. ಕೆಲವರಿಗೆ ಕೋಪ ಬರುತ್ತೆ. ಪ್ರಾರ್ಥಿಸಿ.

ಬಂಗಾರಪೇಟೆ ನರ್ಸ್:

ಆ ಪಟ್ಟಿಗೆ ಇನ್ನೊಂದು ಸೇರಿಸಿ ಬ್ರದರ್. ಕೂಟದ ಶುರುವಿನಲ್ಲೇ ಮೈಕಿನಲ್ಲಿ ಹೇಳಿ: ಯಾರೂ ಡಾಕ್ಟರನ್ನ ಕೇಳದೆ ಮಾತ್ರೆ ನಿಲ್ಲಿಸಬಾರದು. ಬೇಕಾದರೆ ಆ ಒಂದು ಮಾತು ಹೇಳೋಕೆ ನಾನೇ ಮಾಲೂರಿಗೆ ಬರ್ತೀನಿ, ಡ್ಯೂಟಿ ಬದಲಾಯಿಸ್ಕೋತೀನಿ. ತಾರೀಖು ತಿಳಿಸಿ.